ಫಿಲ್ಟರ್ ಕೊಳ್ಳುವ ಮುಂಚೆ ಬಾಟಲಿ ತುಂಬಿಸಿ: ಮನೆ ನೀರಿನಲ್ಲಿ ಆರ್ಸೆನಿಕ್ ಇದ್ದರೆ ಏನು ಮಾಡಬೇಕು?

ಲಿಂಗಸುಗೂರು ತಾಲ್ಲೂಕಿನ ನಮ್ಮ ಅತ್ತೆ ಮನೆಯಲ್ಲಿ ಅಡುಗೆಮನೆ ಗೋಡೆಗೆ ಆರ್‌ಓ ಯಂತ್ರ ಹಾಕಿಸಿ ಎರಡು ವರ್ಷ ಆಗಿತ್ತು. ಮನೆ ಬೋರ್‌ವೆಲ್ ನೀರಿನಲ್ಲಿ ಲೀಟರ್‌ಗೆ 64 ಮೈಕ್ರೋಗ್ರಾಂ ಆರ್ಸೆನಿಕ್ ಇದೆ ಎಂದು ಲ್ಯಾಬ್ ರಿಪೋರ್ಟ್ ಬಂದಾಗ ಯಾರೂ ಗಾಬರಿಯಾಗಲಿಲ್ಲ. "ನಾವು ಕುಡಿಯೋದು ಫಿಲ್ಟರ್ ನೀರು ಅಲ್ಲೇನ್ರಿ ಅಳಿಯಂದಿರೇ, ಏನಾಗ್ತದ ಬಿಡ್ರಿ" ಎಂದರು ಮಾವ. ಇರಲಿ ಎಂದು ಆ ಫಿಲ್ಟರ್ ನೀರನ್ನೂ ಒಂದು ಬಾಟಲಿ ತುಂಬಿ ಲ್ಯಾಬ್‌ಗೆ ಕೊಟ್ಟೆ. 19 ಬಂತು. ಇರಬೇಕಾದ ಮಿತಿ 10.

ಯಂತ್ರ ಕೆಟ್ಟಿರಲಿಲ್ಲ. ತಪ್ಪು ಎಲ್ಲಿತ್ತು ಎನ್ನುವುದನ್ನು ಮುಂದೆ ಹೇಳುತ್ತೇನೆ. ನೀರಿನಲ್ಲಿ ಆರ್ಸೆನಿಕ್ ಇದೆಯೋ ಇಲ್ಲವೋ ಎಂದು ಎರಡು ಸಲ ನೋಡಬೇಕು: ಫಿಲ್ಟರ್‌ಗೆ ಹೋಗುವ ಮುಂಚೆ ಒಮ್ಮೆ, ಹೊರಬಂದ ಮೇಲೆ ಒಮ್ಮೆ. ಎರಡನೆಯದನ್ನು ಬಹುತೇಕ ಯಾರೂ ಮಾಡುವುದಿಲ್ಲ.

ಇದು ಯಾರ ಮನೆಯ ಚಿಂತೆ?

ಹಳಬರು ಪಾಷಾಣ ಎನ್ನುತ್ತಿದ್ದರಲ್ಲ, ಅದರ ಮೂಲವೇ ಆರ್ಸೆನಿಕ್. ನೀರಿನಲ್ಲಿ ಕರಗಿದರೆ ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಪಶ್ಚಿಮ ಬಂಗಾಳ, ಬಿಹಾರ, ಬಾಂಗ್ಲಾದೇಶದ ಕಡೆ ನದಿ ಹೊತ್ತು ತಂದ ಮಣ್ಣಿನಿಂದಲೇ ಅದು ಕೊಳವೆಬಾವಿಗೆ ಇಳಿಯುತ್ತದೆ. ನಮ್ಮಲ್ಲಿ ಕಥೆ ಬೇರೆ. ಚಿನ್ನದ ಅದಿರು ಇರುವ ಕಲ್ಲಿನಲ್ಲಿ ಆರ್ಸೆನೋಪೈರೈಟ್ ಎಂಬ ಖನಿಜ ಜೊತೆಗೇ ಇರುತ್ತದೆ. ಅದು ಗಾಳಿ, ನೀರಿಗೆ ಸಿಕ್ಕಿದಾಗ ಆರ್ಸೆನಿಕ್ ಬಿಟ್ಟುಕೊಡುತ್ತದೆ. ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯ ಸುತ್ತಮುತ್ತ, ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಮಂಗಳೂರು (ಕಡಲ ತೀರದ ಮಂಗಳೂರು ಅಲ್ಲ) ಶಿಲಾಪಟ್ಟಿಯ ಊರುಗಳಲ್ಲಿ ಇದು ಪತ್ತೆಯಾಗಿದೆ. ಕಿರದಳ್ಳಿ ತಾಂಡಾದ ಜನರ ಅಂಗೈ, ಅಂಗಾಲು, ಬೆನ್ನಿನ ಚರ್ಮ ನೋಡಿಯೇ ವಿಷಯ ಹೊರಗೆ ಬಂದದ್ದು. ಅಲ್ಲಿನ ಕೆಲವು ಕೊಳವೆಬಾವಿಗಳಲ್ಲಿ ಆರ್ಸೆನಿಕ್ ಮಿತಿಯ ಹತ್ತಾರು ಪಟ್ಟು ಇತ್ತು.

ಹಾಗಾಗಿ ಲಿಂಗಸುಗೂರು, ಸುರಪುರ ಕಡೆಯ ಬೋರ್‌ವೆಲ್ ನೀರು ಕುಡಿಯುವವರು ಮೊದಲು ಪರೀಕ್ಷೆ ಮಾಡಿಸಿ. ಬಿಹಾರ, ಬಂಗಾಳ, ಅಸ್ಸಾಂನಲ್ಲಿ ಕೆಲಸಕ್ಕಿದ್ದು ಕೊಳವೆಬಾವಿ ನೀರು ಕುಡಿಯುವ ಕನ್ನಡಿಗರೂ ಅಷ್ಟೇ. ಕೋಲಾರ, ಪಾವಗಡದ ಕಡೆಯವರಿಗೆ ಆರ್ಸೆನಿಕ್‌ಗಿಂತ ಫ್ಲೋರೈಡ್ ದೊಡ್ಡ ತಲೆನೋವು. ಬೆಂಗಳೂರಿನಲ್ಲಿ ಕಾವೇರಿ ನಲ್ಲಿ ನೀರು ಕುಡಿಯುವವರು ಇದನ್ನು ಓದಿ ರಾತ್ರಿ ನಿದ್ದೆಗೆಡಬೇಕಿಲ್ಲ.

"ನಮ್ಮಪ್ಪ ಇದೇ ನೀರು ಕುಡ್ದು ಎಂಬತ್ತು ವರ್ಷ ಬದುಕ್ಯಾನ" ಎನ್ನುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಅಪ್ಪ ಕುಡಿದದ್ದು ಸೇದುವ ಬಾವಿ ನೀರು, ಇಲ್ಲವೇ ಹಳ್ಳದ ನೀರು. ಮುನ್ನೂರು, ನಾನೂರು ಅಡಿ ಕೊರೆದು ತೆಗೆದ ನೀರು ಅಲ್ಲ. ಅದೂ ಅಲ್ಲದೆ ಆರ್ಸೆನಿಕ್ ಇವತ್ತು ಕುಡಿದರೆ ನಾಳೆ ಹೊಟ್ಟೆನೋವು ಬರಿಸುವುದಿಲ್ಲ. ಐದು, ಹತ್ತು ವರ್ಷ ಸುಮ್ಮನಿರುತ್ತದೆ. ಆಮೇಲೆ ಎದೆ, ಬೆನ್ನಿನ ಮೇಲೆ ಮಳೆಹನಿ ಸಿಡಿದಂತೆ ಕಪ್ಪು, ಬಿಳಿ ಚುಕ್ಕೆ ಬರುತ್ತದೆ. ಅಂಗೈ, ಅಂಗಾಲಿನಲ್ಲಿ ಆಣಿಯಂತೆ ಗಟ್ಟಿ ಗಂಟು ಏಳುತ್ತವೆ. ವರ್ಷಾನುಗಟ್ಟಲೆ ಕುಡಿದರೆ ಚರ್ಮ, ಮೂತ್ರಕೋಶ, ಶ್ವಾಸಕೋಶದ ಕ್ಯಾನ್ಸರ್‌ವರೆಗೂ ಹೋಗುತ್ತದೆ.

ಮೊದಲ ಕೆಲಸ: ಟಿಡಿಎಸ್ ಪೆನ್ನು ಬದಿಗಿಡಿ

ಫಿಲ್ಟರ್ ಮಾರಲು ಬರುವವರು ಜೇಬಿನಿಂದ ಪೆನ್ನಿನಂಥ ಮೀಟರ್ ತೆಗೆದು ಲೋಟದಲ್ಲಿ ಅದ್ದುತ್ತಾರೆ. "ನೋಡಿ ಸರ್, 500 ಇದೆ, ವಿಷ" ಎನ್ನುತ್ತಾರೆ. ಆ ಮೀಟರ್ ತೋರಿಸುವುದೇ ಟಿಡಿಎಸ್. 500 ಎಂದರೆ ಒಂದು ಲೀಟರ್‌ನಲ್ಲಿ ಕರಗಿರುವ ಉಪ್ಪು, ಸುಣ್ಣ ಎಲ್ಲ ಸೇರಿ 500 ಮಿಲಿಗ್ರಾಂ. ಆರ್ಸೆನಿಕ್ ಮಿತಿ 0.01 ಮಿಲಿಗ್ರಾಂ. ಐವತ್ತು ಸಾವಿರದಲ್ಲಿ ಒಂದು ಪಾಲು. ಮಿತಿಯ ಹತ್ತು ಪಟ್ಟು ಆರ್ಸೆನಿಕ್ ಇದ್ದರೂ ಆ ಮೀಟರ್‌ನ ಅಂಕಿ ಒಂದಿಷ್ಟೂ ಅಲ್ಲಾಡುವುದಿಲ್ಲ. ಟಿಡಿಎಸ್ 150 ಇರುವ ಸಿಹಿ ನೀರಿನಲ್ಲೂ ಆರ್ಸೆನಿಕ್ ಇರಬಹುದು, 1500 ಇರುವ ಸವಳು ನೀರಿನಲ್ಲಿ ಇಲ್ಲದೆಯೂ ಇರಬಹುದು.

ಲೆಕ್ಕ ಓದುವಾಗ ಮೋಸ ಹೋಗಬೇಡಿ. ಲೀಟರ್‌ಗೆ 10 ಮೈಕ್ರೋಗ್ರಾಂ ಎಂದರೂ, 10 ಪಿಪಿಬಿ ಎಂದರೂ, 0.01 ಮಿಲಿಗ್ರಾಂ ಎಂದರೂ ಒಂದೇ. ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಈ ಮಿತಿಗೆ ಬಂತು. ಕುಡಿಯುವ ನೀರಿಗೆ ನಮ್ಮ ದೇಶದ ಐಎಸ್ 10500 ಮಾನದಂಡ ಒಪ್ಪುವುದೂ ಇದನ್ನೇ. ರಿಪೋರ್ಟ್‌ನಲ್ಲಿ 0.064 ಎಂದು ಕಂಡರೆ "ಸೊನ್ನೆ ಪಾಯಿಂಟ್ ಏನೋ, ಬಹಳ ಕಡಿಮೆ" ಎಂದು ಅನಿಸುತ್ತದೆ. ಸಾವಿರದಿಂದ ಗುಣಿಸಿ ನೋಡಿ. 64.

ಕಿಟ್ ಪರೀಕ್ಷೆ: ಕಾಗದ ಹಳದಿಯಾದರೆ

ಜಲಜೀವನ್ ಮಿಷನ್ ಅಡಿ ಪ್ರತಿ ಊರಿನಲ್ಲಿ ಐದು ಮಹಿಳೆಯರಿಗೆ ನೀರು ಪರೀಕ್ಷೆ ಕಿಟ್ ಬಳಸುವ ತರಬೇತಿ ಕೊಡಬೇಕೆಂದಿದೆ. ನಿಮ್ಮ ಪಂಚಾಯಿತಿಯಲ್ಲಿ ಕೇಳಿ ನೋಡಿ. ಆದರೆ ಸಾಮಾನ್ಯ ಕಿಟ್‌ನಲ್ಲಿ ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ ಇಂಥವು ಇರುತ್ತವೆ. ಆರ್ಸೆನಿಕ್‌ಗೆ ಬೇರೆಯದೇ ಕಿಟ್ ಬೇಕು. "ನಮ್ಮ ನೀರು ಟೆಸ್ಟ್ ಆಗಿದೆ, ಚೆನ್ನಾಗಿದೆ" ಎಂದು ಯಾರಾದರೂ ಹೇಳಿದರೆ ಯಾವುದಕ್ಕೆ ಟೆಸ್ಟ್ ಆಗಿದೆ ಎಂದು ಕೇಳಿ.

ಆರ್ಸೆನಿಕ್ ಕಿಟ್ ಕೆಲಸ ಮಾಡುವುದು ಹೀಗೆ. ಪುಟ್ಟ ಬಾಟಲಿಗೆ ಗುರುತಿನವರೆಗೆ ನೀರು ಹಾಕಿ, ಪುಡಿಗಳನ್ನು ಹಾಕಿದರೆ ಒಳಗೆ ನೊರೆ ಏಳುತ್ತದೆ. ನೀರಿನಲ್ಲಿರುವ ಆರ್ಸೆನಿಕ್ ಗಾಳಿಯಾಗಿ ಮೇಲೇಳುತ್ತದೆ. ಮುಚ್ಚಳದಲ್ಲಿ ಸಿಕ್ಕಿಸಿದ ಬಿಳಿ ಕಾಗದದ ಪಟ್ಟಿಗೆ ಅದು ತಾಗಿದಾಗ ಕಾಗದ ಮೊದಲು ತಿಳಿ ಹಳದಿ, ಜಾಸ್ತಿ ಇದ್ದರೆ ಕಂದು ಆಗುತ್ತದೆ. ಕಿಟ್‌ನಲ್ಲಿ ಬರೆದಷ್ಟು ನಿಮಿಷ ಕಾಯಲೇಬೇಕು. ಬೇಗ ತೆಗೆದರೆ ಕಡಿಮೆ ತೋರಿಸುತ್ತದೆ. ಬಣ್ಣವನ್ನು ನೆರಳಿನಲ್ಲಿ, ಹಗಲು ಬೆಳಕಿನಲ್ಲಿ ಹೋಲಿಸಿ. ಟ್ಯೂಬ್‌ಲೈಟ್ ಕೆಳಗೆ ಬೇಡ.

ಎಚ್ಚರಿಕೆ ಇದೆ. ಬಾಟಲಿಯಿಂದ ಏಳುವ ಆ ಗಾಳಿ ವಿಷ, ಜೊತೆಗೆ ಬರುವ ಹೈಡ್ರೋಜನ್‌ಗೆ ಬೆಂಕಿ ತಗಲುತ್ತದೆ. ಕಾಗದಕ್ಕೆ ಹಚ್ಚಿರುವುದು ಪಾದರಸದ ಲವಣ. ಅಡುಗೆಮನೆಯಲ್ಲಿ ಒಲೆ ಪಕ್ಕ ಮಾಡಬೇಡಿ. ಜಗಲಿ ಮೇಲೋ, ಅಂಗಳದಲ್ಲೋ ಮಾಡಿ. ಮಕ್ಕಳನ್ನು ದೂರ ಇಡಿ. ಕಾಗದವನ್ನು ಚಿಮಟದಲ್ಲಿ ಹಿಡಿಯಿರಿ, ಮುಗಿದ ಮೇಲೆ ಕೈ ತೊಳೆಯಿರಿ.

ಕಿಟ್‌ನಿಂದ ಸಿಗುವುದು ಅಂದಾಜು ಮಾತ್ರ. ಕಾಗದ ಕಂದಾದರೆ ನೀರು ಕೆಟ್ಟದ್ದು, ಅನುಮಾನ ಬೇಡ. ಬಿಳಿ ಮತ್ತು ತಿಳಿ ಹಳದಿಯ ನಡುವೆ ಎಲ್ಲೋ ಇದ್ದರೆ ಮನೆಯಲ್ಲಿ ನಾಲ್ಕು ಜನ ನಾಲ್ಕು ಥರ ಹೇಳುತ್ತಾರೆ. 8 ಮತ್ತು 20ರ ವ್ಯತ್ಯಾಸ ನಮ್ಮ ಕಣ್ಣಿಗೆ ಸಿಗುವುದಿಲ್ಲ. ಆಗ ಲ್ಯಾಬ್ ಒಂದೇ ದಾರಿ.

ಲ್ಯಾಬ್‌ಗೆ ನೀರು ಕೊಡುವುದು

ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಗೆ ಜಿಲ್ಲೆ ಮತ್ತು ತಾಲ್ಲೂಕು ಮಟ್ಟದಲ್ಲಿ ನೀರು ಪರೀಕ್ಷಾ ಪ್ರಯೋಗಾಲಯಗಳಿವೆ. ಆರ್ಸೆನಿಕ್ ಅಳೆಯುವ ಯಂತ್ರ ಎಲ್ಲದರಲ್ಲೂ ಇರುವುದಿಲ್ಲ, ಹಾಗಾಗಿ ಬಸ್ ಹತ್ತುವ ಮುಂಚೆ ಫೋನ್ ಮಾಡಿ. ಖಾಸಗಿಯಾದರೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯೇ, ಆ ಮಾನ್ಯತೆಯ ಪಟ್ಟಿಯಲ್ಲಿ ಆರ್ಸೆನಿಕ್ ಇದೆಯೇ ಎಂದು ಕೇಳಿ. ಇನ್ನೊಂದು ಪ್ರಶ್ನೆ: "ನಿಮ್ಮ ಯಂತ್ರ ಎಷ್ಟು ಕಡಿಮೆವರೆಗೆ ಅಳೆಯುತ್ತದೆ?" ಕೆಲವು ರಿಪೋರ್ಟ್‌ಗಳಲ್ಲಿ "ಬಿಡಿಎಲ್" ಎಂದು ಬರೆದಿರುತ್ತದೆ, ಅಂದರೆ ಅಳೆಯುವ ಮಟ್ಟಕ್ಕಿಂತ ಕಡಿಮೆ. ಆ ಮಟ್ಟವೇ 50 ಮೈಕ್ರೋಗ್ರಾಂ ಆಗಿದ್ದರೆ ನಿಮ್ಮ ನೀರಿನಲ್ಲಿ 45 ಇದ್ದರೂ ಬಿಡಿಎಲ್ ಎಂದೇ ಬರುತ್ತದೆ! 10ಕ್ಕಿಂತ ಎಷ್ಟೋ ಕೆಳಗೆ ಅಳೆಯುವ ಲ್ಯಾಬ್ ಬೇಕು. ತೀರಾ ಸಣ್ಣ ಪ್ರಮಾಣವನ್ನೂ ಅಳೆಯುವ ಐಸಿಪಿ-ಎಂಎಸ್ ಯಂತ್ರ ಇದ್ದರೆ ಚಿಂತೆ ಇಲ್ಲ.

ನೀರು ಹಿಡಿಯುವಾಗ:

1. ಬಾಟಲಿಯನ್ನು ಲ್ಯಾಬ್‌ನಿಂದಲೇ ತನ್ನಿ. ಅದರಲ್ಲಿ ಮೊದಲೇ ಕೆಲವು ಹನಿ ನೈಟ್ರಿಕ್ ಆಮ್ಲ ಹಾಕಿದ್ದರೆ ತೊಳೆಯಬೇಡಿ, ಕೈಗೆ ತಾಗಿಸಿಕೊಳ್ಳಬೇಡಿ. ಖಾಲಿ ಬಾಟಲಿಯಾದರೆ ಅದೇ ನೀರಿನಲ್ಲಿ ಮೂರು ಸಲ ತೊಳೆಯಿರಿ.
2. ಮೋಟಾರ್ ಹಾಕಿ ಐದು, ಹತ್ತು ನಿಮಿಷ ನೀರು ಹರಿಯಲು ಬಿಡಿ. ಪೈಪಿನಲ್ಲಿ ನಿಂತ ನೀರು ಬೇಡ. ಟ್ಯಾಂಕಿನ ನೀರೂ ಬೇಡ, ಬೋರ್‌ವೆಲ್ ಬಾಯಿಂದ ಬಂದದ್ದು ಬೇಕು.
3. ನೀವು ನಿಜಕ್ಕೂ ಕುಡಿಯುವ ನೀರು ಎಲ್ಲಿಂದ ಬರುತ್ತದೋ ಅಲ್ಲಿಂದ ಎರಡನೇ ಬಾಟಲಿ ತುಂಬಿಸಿ. ಫಿಲ್ಟರ್ ಇದ್ದರೆ ಅದರ ನಲ್ಲಿಯಿಂದ.
4. ಮೇಲೆ ದಿನ, ಹೊತ್ತು, ಜಾಗ, ಬೋರ್‌ವೆಲ್ ಎಷ್ಟು ಅಡಿ ಎಂದು ಬರೆಯಿರಿ.

ಆಮ್ಲ ಯಾಕೆ? ಕಬ್ಬಿಣ ಇರುವ ನೀರನ್ನು ಬಾಟಲಿಯಲ್ಲಿ ಇಟ್ಟು ನೋಡಿ. ಮೊದಲು ತಿಳಿಯಾಗಿರುತ್ತದೆ, ಒಂದೆರಡು ದಿನಕ್ಕೆ ತಳದಲ್ಲಿ ಕೆಂಪು ಗಸಿ ಕೂರುತ್ತದೆ. ಆರ್ಸೆನಿಕ್ ಆ ಕೆಂಪು ಗಸಿಗೆ ಅಂಟಿಕೊಂಡು ಕೆಳಗೆ ಹೋಗಿರುತ್ತದೆ. ಮೇಲಿನ ತಿಳಿ ನೀರನ್ನು ಅಳೆದರೆ ಕಡಿಮೆ ಬರುತ್ತದೆ, ನೀವು ನೆಮ್ಮದಿಯಾಗಿ ಮನೆಗೆ ಹೋಗುತ್ತೀರಿ. ಆಮ್ಲ ಹಾಕಿದರೆ ಕಬ್ಬಿಣ ಕರಗಿಯೇ ಇರುತ್ತದೆ.

ಅದೇ ಖರ್ಚಿನ ಜೊತೆ ಪಿಎಚ್ (ನೀರು ಆಮ್ಲವೋ ಕ್ಷಾರವೋ ಎಂಬ ಅಳತೆ), ಕಬ್ಬಿಣ, ಫ್ಲೋರೈಡ್, ನೈಟ್ರೇಟ್, ಫಾಸ್ಫೇಟ್ ಕೂಡ ನೋಡಿಸಿ. ಯಾವ ಫಿಲ್ಟರ್ ಕೊಳ್ಳಬೇಕು ಎಂದು ಹೇಳುವುದು ಇವೇ. ಪಕ್ಕದ ಮನೆಯ ರಿಪೋರ್ಟ್ ನಂಬಿ ಕೂರಬೇಡಿ. ನಮ್ಮದು ಕಲ್ಲಿನ ನೆಲ. ನೀರು ಬಂಡೆ ಬಿರುಕುಗಳಲ್ಲಿ ಓಡುತ್ತದೆ, ಐವತ್ತು ಅಡಿ ದೂರದ ಬೋರ್‌ವೆಲ್ ಬೇರೆ ಬಿರುಕಿಗೆ ಸಿಕ್ಕಿರಬಹುದು.

ರಿಪೋರ್ಟ್ ಬಂತು, ಈಗ?

10ರ ಒಳಗೆ ಇದ್ದರೆ ವರ್ಷಕ್ಕೊಮ್ಮೆ ನೋಡಿಸಿ, ಸಾಧ್ಯವಾದರೆ ಬೇಸಿಗೆಯ ಕೊನೆಯಲ್ಲಿ. ಬೋರ್‌ವೆಲ್ ಇನ್ನಷ್ಟು ಆಳ ಕೊರೆಸಿದರೆ ಮತ್ತೆ ಮೊದಲಿನಿಂದ. 10 ದಾಟಿದ್ದರೆ ಕುಡಿಯಲು, ಅಡುಗೆಗೆ ಬೇರೆ ನೀರು ಹುಡುಕಿ. 50 ದಾಟಿದ್ದರೆ ನಾಳೆವರೆಗೂ ಕಾಯಬೇಡಿ. ಅಂಗೈಯಲ್ಲಿ ಗಂಟು, ಮೈಮೇಲೆ ಚುಕ್ಕೆ ಇದ್ದವರು ಚರ್ಮದ ಡಾಕ್ಟರಿಗೆ ರಿಪೋರ್ಟ್ ಸಮೇತ ತೋರಿಸಿ. ಮುಲಾಮು ಹಚ್ಚಿಕೊಂಡು ಅದೇ ನೀರು ಕುಡಿಯುತ್ತಿದ್ದರೆ ಪ್ರಯೋಜನ ಇಲ್ಲ.

ಸ್ನಾನ, ಬಟ್ಟೆ, ಪಾತ್ರೆಗೆ ಅದೇ ನೀರು ಬಳಸಬಹುದು, ಚರ್ಮದ ಮೂಲಕ ಒಳಹೋಗುವುದು ತೀರಾ ಕಡಿಮೆ. ಆದರೆ ಅಡುಗೆ ನೀರನ್ನು ಜನ ಮರೆಯುತ್ತಾರೆ. ಅನ್ನಕ್ಕಿಡುವ ನೀರು, ಬೇಳೆ ಬೇಯುವ ನೀರು, ಜೋಳದ ಹಿಟ್ಟಿಗೆ ಹಾಕುವ ಎಸರು, ಚಹಾ, ಮಜ್ಜಿಗೆ, ಎಲ್ಲ ಹೊಟ್ಟೆಗೇ ಹೋಗುವುದು ಅಲ್ವಾ? ಅತ್ತೆಯವರು ಕುಡಿಯಲು ಫಿಲ್ಟರ್ ನೀರು ಹಿಡಿದು, ರೊಟ್ಟಿ ಹಿಟ್ಟು ನಾದಲು ಹಂಡೆ ನೀರು ತೆಗೆದುಕೊಳ್ಳುತ್ತಿದ್ದರು. ಅಕ್ಕಿಯಂತೂ ನೀರಿನ ಆರ್ಸೆನಿಕ್ ಹೀರಿಕೊಳ್ಳುತ್ತದೆ. ಒಳ್ಳೆಯ ನೀರು ಜಾಸ್ತಿ ಇಟ್ಟು ಗಂಜಿ ಬಸಿದರೆ ಅಕ್ಕಿಯಲ್ಲೇ ಇರುವುದೂ ಒಂದಷ್ಟು ಹೋಗುತ್ತದೆ. ಎದೆಹಾಲಿನಲ್ಲಿ ಆರ್ಸೆನಿಕ್ ಬಹಳ ಕಡಿಮೆ ಬರುತ್ತದೆ, ಹಾಗಾಗಿ ತಾಯಿ ಹಾಲು ನಿಲ್ಲಿಸಬೇಡಿ. ಡಬ್ಬಿ ಹಾಲಿನ ಪುಡಿ ಕದಡುವ ನೀರಿನ ಬಗ್ಗೆ ಮಾತ್ರ ಹುಷಾರು.

ಕಾಯಿಸಿದರೆ ಹೋಗುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲ. ಕ್ರಿಮಿ ಸಾಯುತ್ತದೆ, ನೀರು ಆವಿಯಾಗುತ್ತದೆ, ಆರ್ಸೆನಿಕ್ ಅಲ್ಲೇ ಉಳಿದು ಇನ್ನೂ ದಟ್ಟವಾಗುತ್ತದೆ. ಬಟ್ಟೆಯಲ್ಲಿ ಸೋಸುವುದು, ಕ್ಯಾಂಡಲ್ ಫಿಲ್ಟರ್, ಯುವಿ ದೀಪ, ತಾಮ್ರದ ಚೊಂಬು, ಬರೀ ಇದ್ದಿಲಿನ ಫಿಲ್ಟರ್, ಇವುಗಳಲ್ಲಿ ಯಾವುದನ್ನೂ ಆರ್ಸೆನಿಕ್‌ಗೆ ನಂಬುವಂತಿಲ್ಲ.

ತೆಗೆಯುವುದಕ್ಕಿಂತ ಇಲ್ಲದ ನೀರು ಹುಡುಕುವುದು ಸುಲಭ

ಊರಿಗೆ ಕೃಷ್ಣಾ ನದಿ ನೀರಿನ ನಲ್ಲಿ ಬಂದಿದ್ದರೆ ಅದನ್ನೇ ಪರೀಕ್ಷಿಸಿ ಕುಡಿಯಿರಿ. ಎರಡು ದಿನಕ್ಕೊಮ್ಮೆ ಬಂದರೂ ಅಡುಗೆಗೆ ಸಾಕಾಗುವಷ್ಟು ಹಿಡಿದಿಡಬಹುದು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ 20 ಲೀಟರ್ ಕ್ಯಾನ್ ತರುವವರು ಘಟಕದ ಆರ್ಸೆನಿಕ್ ರಿಪೋರ್ಟ್ ಕೇಳಿ. ಕೊಡದಿದ್ದರೆ ಕ್ಯಾನಿನಿಂದಲೇ ಒಂದು ಬಾಟಲಿ ಲ್ಯಾಬ್‌ಗೆ ಕಳಿಸಿ. ನಾಲ್ಕು ಮನೆಯವರು ಸೇರಿದರೆ ಖರ್ಚು ಹೊರೆಯಾಗುವುದಿಲ್ಲ.

ನನ್ನನ್ನು ಕೇಳಿದರೆ ಸ್ವಂತ ಮಾಳಿಗೆ ಇರುವವರಿಗೆ ಮಳೆ ನೀರಿಗಿಂತ ಒಳ್ಳೆಯದಿಲ್ಲ. ಆಕಾಶದ ನೀರಿಗೆ ಗಣಿ ಕಲ್ಲಿನ ಸಂಬಂಧ ಇಲ್ಲ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 50 ಚದರ ಮೀಟರ್ ಮಾಳಿಗೆ, ವರ್ಷಕ್ಕೆ 600 ಮಿಲಿಮೀಟರ್ ಮಳೆ ಎಂದು ಹಿಡಿದರೆ 30,000 ಲೀಟರ್. ಐದರಲ್ಲಿ ಒಂದು ಪಾಲು ಚೆಲ್ಲಿ ಹೋದರೂ 24,000 ಉಳಿಯುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್, ಮಳೆ ಇಲ್ಲದ ಎಂಟು ತಿಂಗಳಿಗೆ 6,000 ಲೀಟರ್. ಅಷ್ಟು ಹಿಡಿಯುವ ಮುಚ್ಚಿದ ತೊಟ್ಟಿ ಕಟ್ಟಿಸಿದರೆ ಆಯಿತು. ಮೊದಲ ಮಳೆಯ ಕೊಳೆ ನೀರು ಹೊರಗೆ ಬಿಡಿ, ಸೊಳ್ಳೆ ಹೋಗದಂತೆ ಜಾಲರಿ ಹಾಕಿ, ಕಾಯಿಸಿ ಕುಡಿಯಿರಿ. ಇಲ್ಲಿ ಕಾಯಿಸುವುದಕ್ಕೆ ಅರ್ಥ ಇದೆ.

ಫಿಲ್ಟರ್‌ಗಳು, ಮತ್ತು ಆ 19ರ ಕಥೆ

ಬೇರೆ ನೀರೇ ಇಲ್ಲ ಎಂದಾಗ ಮನೆಗೆ ಎರಡು ದಾರಿ. ಒಂದು, ಆರ್ಸೆನಿಕ್ ಅಂಟಿಸಿಕೊಳ್ಳುವ ಹರಳಿನ ಫಿಲ್ಟರ್. ಬಾಟಲಿಯ ತಳದ ಕೆಂಪು ಗಸಿಗೆ, ಅಂದರೆ ಕಬ್ಬಿಣದ ತುಕ್ಕಿಗೆ, ಆರ್ಸೆನಿಕ್ ಅಂಟುತ್ತದೆ ಎಂದೆನಲ್ಲ, ಅದೇ ಗುಣ ಇಲ್ಲಿ ಕೆಲಸಕ್ಕೆ ಬರುತ್ತದೆ. ಬಾಂಗ್ಲಾದೇಶದ ಸೋನೋ ಫಿಲ್ಟರ್ ಕಬ್ಬಿಣದ ಚೂರಿನಿಂದ ಮಾಡಿದ್ದು. ಐಐಟಿ ಮದ್ರಾಸ್‌ನ ಟಿ. ಪ್ರದೀಪ್ ತಂಡದ ಅಮೃತ್ ತಂತ್ರಜ್ಞಾನದಲ್ಲಿ ಕಬ್ಬಿಣದ ಅತಿಸಣ್ಣ ಕಣಗಳಿವೆ. ಫ್ಲೋರೈಡ್‌ಗೆ ಬಳಸುವ ಆಕ್ಟಿವೇಟೆಡ್ ಅಲ್ಯೂಮಿನಾ ಕೂಡ ಆರ್ಸೆನಿಕ್ ಹಿಡಿಯುತ್ತದೆ, ಆದರೆ ಪಿಎಚ್ ಜಾಸ್ತಿ ಇದ್ದರೆ ಅದರ ಶಕ್ತಿ ಕುಗ್ಗುತ್ತದೆ. ಇಂಥ ಫಿಲ್ಟರ್‌ಗೆ ಕರೆಂಟ್ ಬೇಡ, ನೀರು ಪೋಲಾಗುವುದಿಲ್ಲ. ತೊಂದರೆ ಏನೆಂದರೆ ಹರಳು ತುಂಬಿಹೋದದ್ದು ಕಣ್ಣಿಗೆ ಗೊತ್ತಾಗುವುದಿಲ್ಲ. ನೀರು ಮೊದಲಿನಂತೆಯೇ ಬರುತ್ತಿರುತ್ತದೆ, ಆರ್ಸೆನಿಕ್ ಸಮೇತ. ಫಾಸ್ಫೇಟ್ ಇದ್ದರೆ ಇನ್ನೂ ಬೇಗ ತುಂಬುತ್ತದೆ. ಎಷ್ಟು ಸಾವಿರ ಲೀಟರ್‌ಗೆ ಬದಲಿಸಬೇಕು, ಹಳೆಯ ಹರಳು ವಾಪಸ್ ಪಡೆಯುತ್ತೀರಾ ಎಂದು ಬರೆಸಿಕೊಂಡು ಕೊಳ್ಳಿ. ಬಳಸಿದ ಹರಳನ್ನು ತಿಪ್ಪೆಗೆ ಹಾಕಿದರೆ ಮುಂದಿನ ವರ್ಷ ಅದು ಹೊಲಕ್ಕೆ ಹೋಗುತ್ತದೆ.

ಎರಡು, ಆರ್‌ಓ, ಅಂದರೆ ಒತ್ತಡ ಹಾಕಿ ನೀರನ್ನು ತೆಳು ಪೊರೆಯ ಮೂಲಕ ದಾಟಿಸುವ ಯಂತ್ರ. ನೀರಿನಲ್ಲಿ ಆರ್ಸೆನಿಕ್ ಎರಡು ರೂಪದಲ್ಲಿರುತ್ತದೆ. ಆರ್ಸೆನೇಟ್ ಎಂಬುದನ್ನು ಆರ್‌ಓ ಪೊರೆ ಬಹುಪಾಲು ತಡೆಯುತ್ತದೆ. ಆರ್ಸೆನೈಟ್ ಎಂಬುದಕ್ಕೆ ವಿದ್ಯುತ್ ಆವೇಶ ಇಲ್ಲ, ಅದು ನುಸುಳುತ್ತದೆ. ಕ್ಲೋರಿನ್ ಹಾಕಿ ಅರ್ಧ ಗಂಟೆ ಬಿಟ್ಟರೆ ಎರಡನೆಯದು ಮೊದಲನೆಯದಾಗಿ ಬದಲಾಗುತ್ತದೆ. ಆದರೆ ಕ್ಲೋರಿನ್ ಆರ್‌ಓ ಪೊರೆಯನ್ನು ತಿನ್ನುತ್ತದೆ, ಅದಕ್ಕೇ ಪೊರೆಗೆ ಮುಂಚೆ ಇದ್ದಿಲಿನ ಫಿಲ್ಟರ್ ಚೆನ್ನಾಗಿರಬೇಕು.

ಈಗ ಅತ್ತೆ ಮನೆಯ ಯಂತ್ರಕ್ಕೆ ಬರೋಣ. ಮುಚ್ಚಳ ಬಿಚ್ಚಿದರೆ ಒಳಗೆ ಪುಟ್ಟ ತಿರುಪು ಇರುವ ಒಂದು ವಾಲ್ವ್. ಅದೇ ಟಿಡಿಎಸ್ ಕಂಟ್ರೋಲರ್. ಆರ್‌ಓ ನೀರು ಸಪ್ಪೆ ಎಂದು ಜನ ದೂರುತ್ತಾರೆ, ಅದಕ್ಕೆ ಪೊರೆ ದಾಟದ ನೀರನ್ನು ಸ್ವಲ್ಪ ಬೆರೆಸುವ ವ್ಯವಸ್ಥೆ. ಹಾಕಿಕೊಟ್ಟ ಹುಡುಗ ರುಚಿ ಬರಲಿ ಎಂದು ತಿರುಗಿಸಿ ಹೋಗಿದ್ದ. ಲೆಕ್ಕ ಹಾಕಿದೆ: ಪೊರೆ ದಾಟಿದ ನೀರಿನಲ್ಲಿ 4 ಇದ್ದು, ಅದಕ್ಕೆ 64ರ ನೀರು ಕಾಲು ಭಾಗ ಬೆರೆತರೆ 19 ಆಗುತ್ತದೆ. ವಾಲ್ವ್ ಪೂರ್ತಿ ಮುಚ್ಚಿಸಿ, ಯಂತ್ರದ ಟ್ಯಾಂಕ್ ಎರಡು ಸಲ ಖಾಲಿ ಮಾಡಿ, ಮತ್ತೆ ಬಾಟಲಿ ಕಳಿಸಿದೆ. 4 ಬಂತು.

ನಿಮ್ಮ ಯಂತ್ರದಲ್ಲೂ ಈ ವಾಲ್ವ್ ಇದೆಯೇ ನೋಡಿ. ಆರ್ಸೆನಿಕ್ ಇರುವ ಮನೆಯಲ್ಲಿ ಅದು ಮುಚ್ಚಿಯೇ ಇರಬೇಕು. ಬದಿಗಿಟ್ಟ ಟಿಡಿಎಸ್ ಪೆನ್ನು ಈಗ ಉಪಯೋಗಕ್ಕೆ ಬರುತ್ತದೆ. ವಾಲ್ವ್ ಮುಚ್ಚಿದ ದಿನ ಫಿಲ್ಟರ್ ನೀರಿನ ಟಿಡಿಎಸ್ ಎಷ್ಟು ಎಂದು ಬರೆದಿಡಿ. ಆರು ತಿಂಗಳಿಗೆ 60 ಇದ್ದದ್ದು 200 ಆಗಿದ್ದರೆ ಪೊರೆ ಹರಿದಿದೆ ಅಥವಾ ಸವೆದಿದೆ, ಬದಲಿಸಿ. ವೇಸ್ಟ್ ಪೈಪಿನಿಂದ ಬರುವ ನೀರಿನಲ್ಲಿ ಆರ್ಸೆನಿಕ್ ಇನ್ನೂ ದಟ್ಟವಾಗಿರುತ್ತದೆ. ಅದನ್ನು ಎಮ್ಮೆಗೆ ಕುಡಿಸಬೇಡಿ, ಹಿತ್ತಲ ಸೊಪ್ಪಿಗೆ ಬಿಡಬೇಡಿ. ಶೌಚಕ್ಕೆ, ಅಂಗಳ ತೊಳೆಯಲು ಸಾಕು.

ಅತ್ತೆಯವರು ಒಂದು ವಾರ ನೀರು ಸಪ್ಪೆ ಎಂದು ಗೊಣಗಿದರು. ಆಮೇಲೆ ಮಣ್ಣಿನ ಗಡಿಗೆಗೆ ತುಂಬಿ ತಣ್ಣಗೆ ಮಾಡಿ ಕುಡಿಯಲು ಶುರು ಮಾಡಿದರು. ಹಿಟ್ಟು ನಾದಲೂ ಈಗ ಅದೇ ಗಡಿಗೆ. ಯಂತ್ರದ ಮುಚ್ಚಳದ ಮೇಲೆ ಮಾವ ಮಾರ್ಕರ್‌ನಲ್ಲಿ ಮೂರು ಸಾಲು ಬರೆದಿದ್ದಾರೆ: ಪೊರೆ ಹಾಕಿದ ತಾರೀಕು, ಅವತ್ತಿನ ಟಿಡಿಎಸ್, ಮುಂದಿನ ಆರ್ಸೆನಿಕ್ ಟೆಸ್ಟ್ ಮೇ ತಿಂಗಳು.